ಮುನಿತಾಯಮ್ಮ ತಂದ ಆರ್ಡರು

ಸಹಿ ಹಾಕಲು ಬರುವ ಗಂಡಸು ಹೆಬ್ಬೆಟ್ಟು ಯಾಕೆ ಒತ್ತುತ್ತಾನೆ? ನಾಲ್ಕು ವರ್ಷದಿಂದ ಮುನಿತಾಯಮ್ಮ ಕಂಡಕಂಡವರನ್ನೆಲ್ಲ ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ಅವಳ ಗಂಡ ಪಿಳ್ಳಣ್ಣ ನಾಲ್ಕನೇ ಕ್ಲಾಸು ಓದಿದವನು, ಹಾಲಿನ ಡೈರಿಯ ಪುಸ್ತಕದಲ್ಲೂ ಪೂರಾ ಹೆಸರು ಬರೆದು ಸಹಿ ಹಾಕುತ್ತಿದ್ದವನು. ರಾಜಘಟ್ಟದ ದಾರಿಯ ಒಂದೂಕಾಲು ಎಕರೆಯನ್ನು ಅವನು ಹೆಬ್ಬೆಟ್ಟು ಒತ್ತಿ ಬಿಟ್ಟುಕೊಟ್ಟಿದ್ದಾನೆಂದು ಒಂದು ಕಾಗದ ತೋರಿಸಿ, ಅವನ ತಮ್ಮನ ಮಗ ದೇವರಾಜ್ ಆ ಹೊಲವನ್ನು ಲೇಔಟಿನವರಿಗೆ ಮಾರಿದ. ಕೆಳಗಿನ ಕೋರ್ಟು ಕಾಗದವನ್ನೇ ನಂಬಿತು. ಅವತ್ತಿನಿಂದ ಪಿಳ್ಳಣ್ಣ ಮಾತು ಬಿಟ್ಟ. ಅವನ ಪಾಲಿನ ಮಾತನ್ನೂ ಮುನಿತಾಯಮ್ಮನೇ ಆಡಿದಳು.

ಆಡುವುದೇನು ಬಂತು, ಕೂಗಾಡಿದಳು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಅವಳಿಗೆ ಕಸ ಗುಡಿಸುವ ಕೆಲಸ. ಶಿಫ್ಟು ಮುಗಿಸಿ ಹೋಗಿ ಲಾಯರ್ ಪ್ರಮೋದಾ ಅವರ ಆಫೀಸಿನ ಬಾಗಿಲಲ್ಲಿ ಕೂತು, ಹೈಕೋರ್ಟಿಗೆ ಅಪೀಲು ಹಾಕಿಸಿ, ಆರ್ಡರು ತಂದೇಬಿಟ್ಟಳು. ಅಪೀಲು ತೀರ್ಮಾನವಾಗುವ ತನಕ ಜಮೀನು ಇದ್ದ ಹಾಗೇ ಇರಬೇಕು, ಎರಡೂ ಕಡೆಯವರು ಅದರ ಸ್ವರೂಪ ಬದಲಿಸಕೂಡದು ಎಂದು ಪ್ರಮೋದಾ ಓದಿ ಹೇಳಿದರು. ಎರಡೂ ಕಡೆ ಎಂಬುದು ಅವಳ ಕಿವಿಗೇ ಹೋಗಲಿಲ್ಲ. ಲ್ಯಾಮಿನೇಷನ್ ಮಾಡಿಸಿ ವೈರ್ ಬ್ಯಾಗಿನಲ್ಲಿಟ್ಟುಕೊಂಡಳು. ಜೆಸಿಬಿ ಎರಡು ಸಲ ಬಂತು. ಎರಡು ಸಲವೂ ಅಡ್ಡ ನಿಂತು ಆರ್ಡರನ್ನು ಡ್ರೈವರನ ಮೂತಿಗೆ ಹಿಡಿದಳು.

"ಓದ್ಲಾ! ಬರ್ದಿರೋದು ಜಡ್ಜು ಕಣೋ, ನಮ್ಮಪ್ಪ ಅಲ್ಲ!"

ಎರಡು ಸಲವೂ ಜೆಸಿಬಿ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಯಿತು.

ಮೊನ್ನೆ ಎರಡನೇ ಶನಿವಾರ ಬೆಳಿಗ್ಗೆ ಪಿಳ್ಳಣ್ಣ ಕಾಫಿ ಲೋಟ ಕೈಯಲ್ಲಿರುವಾಗಲೇ ಪ್ರಾಣ ಬಿಟ್ಟ. ಆ ಮನೆತನದವರು ಸತ್ತವರನ್ನು ಹೂಳುವುದು ಸ್ವಂತ ಹೊಲದಲ್ಲಿ. ಮೂಲೆಯ ಹೊಂಗೆ ಮರದಡಿ ಅವನ ಅಪ್ಪ, ಅಮ್ಮ, ಹುಟ್ಟಿದ ತಿಂಗಳಿಗೇ ಹೋದ ಇವಳ ಮೊದಲ ಮಗು, ಎಲ್ಲರೂ ಅಲ್ಲೇ ಇದ್ದಾರೆ. ಗುಂಡಿ ತೋಡಲು ಹೋದವರನ್ನು ದೇವರಾಜ್ ಪೊಲೀಸರನ್ನು ಕರೆಸಿ ತಡೆದಿದ್ದಾನೆಂದು ಸುದ್ದಿ ಬಂತು. ಹೆಣವನ್ನು ಅಂಗಳದಲ್ಲೇ ಬಿಟ್ಟು ಮುನಿತಾಯಮ್ಮ ಹೊಲಕ್ಕೆ ಓಡಿದಳು.

ದೇವರಾಜ್ ಮೊಬೈಲಿನಲ್ಲಿ ಅದೇ ಆರ್ಡರಿನ ಫೋಟೊ ಹಿಡಿದು ಬದುವಿನ ಮೇಲೆ ನಿಂತಿದ್ದ.

"ದೊಡ್ಡಮ್ಮ, ಗುಂಡಿ ತೋಡಿದ್ರೆ ಜಮೀನಿನ ಸ್ವರೂಪ ಬದ್ಲಾಗತ್ತೆ. ನೀನೇ ತಂದಿರೋ ಆರ್ಡರ್ ಅಲ್ವಾ?"

"ನಿನ್ ಮನೆ ಹಾಳಾಗ! ನಿನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗ್ಸಿದ ದೊಡ್ಡಪ್ಪ ಕಣೋ! ಅಲ್ಲಿ ಮಲಗಿರೋರು ನಿಂಗೂ ತಾತ ಅಜ್ಜಿ ಅಲ್ವೇನೋ? ಆರಡಿ ಜಾಗಕ್ಕೂ ಕಲ್ಲು ಹಾಕ್ತೀಯಾ?"

ಅವನು ನೆಲ ನೋಡಿದ, ಆದರೆ ಜಾಗ ಬಿಟ್ಟು ಕದಲಲಿಲ್ಲ. ಅವಳು ಪ್ರಮೋದಾಗೆ ಫೋನು ಹಚ್ಚಿದಳು.

"ಅಮ್ಮ, ಸೋಮವಾರದವರೆಗೆ ಕೋರ್ಟಿಲ್ಲ. ತೋಡಿದ್ರೆ ನಾವೇ ಆರ್ಡರ್ ಮುರಿದ ಹಾಗಾಗತ್ತೆ. ಅವ್ರು ಕಾಯ್ತಿರೋದೇ ಅದಕ್ಕೆ. ಅಪೀಲಿಗೇ ಕುತ್ತು ಬರತ್ತೆ."

ಗುದ್ದಲಿ ಹಿಡಿದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಹೂಂ ಅಂದರೆ ಗಂಡ ಅಪ್ಪನ ಪಕ್ಕ ಮಲಗುತ್ತಾನೆ, ಹೊಲ ಹೋಗುತ್ತದೆ. ಊಹೂಂ ಅಂದರೆ ಹೊಲ ಉಳಿದೀತು. ಎಂಥಾ ದರಿದ್ರ ಲೆಕ್ಕ ಇದು! ಅವಳಿಗೆ ದೇವರಾಜನ ಮೇಲೆ, ಜಡ್ಜಿನ ಮೇಲೆ, ಎರಡನೇ ಶನಿವಾರವೇ ನೋಡಿ ಸತ್ತ ಗಂಡನ ಮೇಲೆ, ಆವತ್ತು ಸರಿಯಾಗಿ ಕೇಳಿಸಿಕೊಳ್ಳದ ತನ್ನ ಮೇಲೆ ಮೈಯೆಲ್ಲ ಉರಿದುಹೋಯಿತು.

"ಗುದ್ಲಿ ಇಳ್ಸಿ," ಎಂದಳು.

ಆದರೂ ಹೊಂಗೆಯ ಬುಡದಿಂದ ಒಂದು ಹಿಡಿ ಮಣ್ಣು ಬಾಚಿ ಸೆರಗಿಗೆ ಕಟ್ಟಿಕೊಂಡಳು. "ಬರ್ಕೊಳ್ಳಿ ಸಾರ್, ಇದೂ ಸ್ವರೂಪ ಬದ್ಲಾಯ್ತು ಅಂತ!" ಪೊಲೀಸಿನವನು ಮುಖ ಆ ಕಡೆ ತಿರುಗಿಸಿಕೊಂಡ.

ಪಿಳ್ಳಣ್ಣನನ್ನು ಕೆರೆಯ ಹಿಂದಿನ ಸಾರ್ವಜನಿಕ ಸ್ಮಶಾನದಲ್ಲಿ, ಜಾಲಿ ಮುಳ್ಳು ಸವರಿ, ಒಡೆದ ಬಾಟಲಿ ಆಯ್ದು ಹಾಕಿ ಮಣ್ಣು ಮಾಡಿದರು. ಅಕ್ಕಪಕ್ಕ ಗುರುತಿನವರು ಒಬ್ಬರೂ ಇರಲಿಲ್ಲ.

ಮೂರನೇ ದಿನ ಹಾಲು ತುಪ್ಪ ಬಿಟ್ಟಾಯಿತು. ತಿಥಿ ಮುಗಿಯುವವರೆಗೆ ಹೊಸ್ತಿಲು ದಾಟಬೇಡವೆಂದು ನೆಂಟರು ಬಡಕೊಂಡರೂ ಮಾರನೇ ಬೆಳಿಗ್ಗೆಯೇ ಮುನಿತಾಯಮ್ಮ ಪ್ರಮೋದಾ ಮುಂದೆ ನಿಂತಿದ್ದಳು. ಪ್ರಮೋದಾ ಸಮಾಧಾನ ಹೇಳಲು ಎದ್ದರು.

"ಅದೆಲ್ಲ ಆಮೇಲೆ ತಾಯಿ. ಕೇಸು ಬೇಗ ಕರೆಸಿ. ಗೆದ್ದ ದಿನವೇ ಅವ್ರನ್ನ ಕೆರೆ ಹಿಂದಿನಿಂದ ಎತ್ಕೊಂಡ್ಬಂದು ಅವರಪ್ಪನ ಪಕ್ಕ ಮಲಗಿಸ್ತೀನಿ. ಅದಕ್ಕೆ ಯಾರ ಪರ್ಮಿಷನ್ ಬೇಕೋ ಈಗ್ಲೇ ಬರ್ದು ಹಾಕಿ."

ಪ್ರಮೋದಾ ಕೇಳಿದರು: "ಸೋತ್ರೆ ಅಮ್ಮ?"

"ಸೋತ್ರೆ ಆ ಆರ್ಡರೂ ಇರಲ್ವಲ್ಲ. ಅವತ್ತು ಯಾರ್ನೂ ಕೇಳ್ದೆ ಅವ್ರನ್ನ ಹೊಲಕ್ಕೆ ತರ್ತೀನಿ."