ಜ್ವಾಳಮುಖಿಯ ಬಾಣಂತನ

ನಾನು ಬುಕ್ಕಸಾಗರದ ಶಾಲೆಗೆ ಮಾಸ್ತರನಾಗಿ ಹೋದದ್ದು ಮದರಾಸು ಸರ್ಕಾರದ ಕಾಲದಲ್ಲಿ. ಹೊಸಪೇಟೆಯ ನಮ್ಮ ಮನೆಯಲ್ಲಿ ನಾಮ, ಮುದ್ರೆ, ಮಡಿ ಎಲ್ಲವೂ ಜೋರು. ಅದರಿಂದ ತಪ್ಪಿಸಿಕೊಂಡ ಖುಷಿಯಲ್ಲಿ ಕಂಡದ್ದಕ್ಕೆಲ್ಲ ವಿಜ್ಞಾನ ಹಚ್ಚುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ಮಾತ್ರ ಇರಲಿಲ್ಲ.

ಊರ ಕೆಳಗೆ ಹೊಳೆ, ಹೊಳೆಯ ನಡುವೆ ಒಂದು ನಡುಗಡ್ಡೆ. ಕಪ್ಪು ಬಂಡೆಗಳ ರಾಶಿ, ನೆತ್ತಿಯಲ್ಲೊಂದು ಗುಳಿ, ಬೇಸಿಗೆಯಲ್ಲಿ ಸುತ್ತ ಬಿಳಿ ಮರಳು. ಭಾನುವಾರ ಬಂತೆಂದರೆ ಅಂಬಿಗನ ಹರಿಗೋಲು ಹತ್ತಿ ಅಲ್ಲಿಗೆ ಹೋಗಿ, ಬಂಡೆಯ ಮರೆಯಲ್ಲಿ ಕೊಡೆ ಬಿಚ್ಚಿ ಕುಳಿತುಬಿಡುತ್ತಿದ್ದೆ. ನೀರುನಾಯಿಗಳು ಮೀನನ್ನು ಎರಡು ಕೈಯಲ್ಲಿ ಹಿಡಿದು ಕಚಕಚ ತಿನ್ನುತ್ತಿದ್ದವು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಆಚೆ ದಂಡೆಯಲ್ಲಿ ಬಾಯಿ ತೆರೆದು ಮಲಗಿದ ಒಂದು ಮೊಸಳೆಯಿತ್ತು. ನಮ್ಮ ಶಾಲೆಯ ಇನ್ಸ್‌ಪೆಕ್ಟರರ ನೆನಪಾಗಿ ಒಬ್ಬನೇ ನಗುತ್ತಿದ್ದೆ.

ಆದರೆ ನನ್ನ ಜೀವವೆಲ್ಲ ಹೊಳೆಹಕ್ಕಿಗಳ ಮೇಲೆ. ಕರಿ ನೆತ್ತಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಯುಗಾದಿ ಕಳೆದ ಮೇಲೆ ಅವು ಮರಳಿನಲ್ಲೇ ಬೊಗಸೆಯಷ್ಟು ಗುಳಿ ಮಾಡಿ ಮೊಟ್ಟೆ ಇಡುತ್ತವೆ. ಆ ವರ್ಷ ಹನ್ನೊಂದು ಗೂಡು. ನಡುಮಧ್ಯಾಹ್ನ ಮರಳು ಹುರಿಯುವ ಬಾಣಲೆಯಾಗುತ್ತಿತ್ತು. ಆಗ ತಾಯಿ ಹೊಳೆಗೆ ಹಾರಿ, ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು, ತಣ್ಣಗೆ ಮೊಟ್ಟೆಯ ಮೇಲೆ ಕೂರುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ನನ್ನ ಕಣ್ಣೂ ಒದ್ದೆಯಾಯಿತು. ಮೊಟ್ಟೆ ಒಡೆಯುವುದನ್ನು ನೋಡಿಯೇ ತೀರಬೇಕೆಂದು ಬೇಸಿಗೆ ರಜೆಗೂ ಊರಿಗೆ ಹೋಗಲಿಲ್ಲ.

ಎಡವಟ್ಟು ಮಾಡಿದ್ದೂ ನಾನೇ. ರಜೆಗೆ ಮೊದಲು, ಆ ಬಂಡೆ ಯಾಕೆ ಅಷ್ಟು ಕಪ್ಪು ಎಂದು ಮಕ್ಕಳು ಕೇಳಿದ್ದಕ್ಕೆ, "ಅದು ಜ್ವಾಲಾಮುಖಿ" ಎಂದುಬಿಟ್ಟಿದ್ದೆ. ಅದು ಹಂಪಿಯ ಗುಡ್ಡಗಳದೇ ಕಲ್ಲು, ಜ್ವಾಲೆಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಕ್ಕಳು ಮನೆಗೆ ಹೋಗಿ ಹೇಳಿದವು. ಈ ಸೀಮೆಯಲ್ಲಿ ಜೋಳಕ್ಕೆ ಜ್ವಾಳ ಎನ್ನುತ್ತಾರೆ. ನನ್ನ ಜ್ವಾಲಾಮುಖಿ ಅಡುಗೆಮನೆ ತಲುಪುವಷ್ಟರಲ್ಲಿ ಜ್ವಾಳಮುಖಿಯಾಗಿದ್ದಳು. ಹೊಳೆಯ ನಡುವೆ ಜೋಳದ ದೇವತೆ ನೆಲೆಸಿದ್ದಾಳೆ, ಮಾಸ್ತರರೇ ಕಂಡು ಹೇಳಿದ್ದಾರೆ!

ಮುಂದಿನ ಮಂಗಳವಾರ ಹರಿಗೋಲು ತುಂಬ ಹೆಂಗಸರು. ಮುಂದಾಳು ಊರಿನ ಸೂಲಗಿತ್ತಿ, ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದ ಮುದುಕಿ. ಬಂಡೆಗೆ ಅರಿಸಿನ ಬಳಿದು, ಮರಳ ತುಂಬ ಬೊಗಸೆ ಬೊಗಸೆ ಜೋಳ ಚೆಲ್ಲಿ ಹೋದರು. ಪುಣ್ಯಕ್ಕೆ ಯಾರ ಕಾಲೂ ಮೊಟ್ಟೆಯ ಮೇಲೆ ಬೀಳಲಿಲ್ಲ. ಆದರೆ ಮರುದಿನ ಜೋಳ ಕಂಡು ಕಾಗೆಗಳು ಬಂದವು. ಜೋಳ ಮುಗಿಸಿ ಮೊಟ್ಟೆಗೆ ಬಾಯಿ ಹಾಕಿದವು. ನಾನು ಕೊಡೆ ಬೀಸುತ್ತಾ ಹುಚ್ಚನಂತೆ ಓಡಾಡಿದರೂ ಎರಡು ಗೂಡು ಬರಿದಾದವು. ಸಿಟ್ಟು ಕಾಗೆಯ ಮೇಲಲ್ಲ, ನನ್ನ ನಾಲಿಗೆಯ ಮೇಲೆ.

ಸೂಲಗಿತ್ತಿಯ ಮನೆಗೇ ಹೋದೆ. "ಅಲ್ಲಿ ದೇವತೆ ಇಲ್ಲಮ್ಮಾ. ಜ್ವಾಲಾಮುಖಿ ಅಂದ್ರೆ ಬಾಯಿಂದ ಬೆಂಕಿ ಉಗುಳೋ ಗುಡ್ಡ" ಎಂದೆ.

ಮುದುಕಿ ಗಲ್ಲ ಬಡಿದುಕೊಂಡಳು. "ಬೆಂಕಿ ಉಗುಳ್ತಾಳಾ? ಯವ್ವಾ, ಭಾಳ ಸಿಟ್ಟಿನಾಕಿ! ಹಂಗಾರ ಬರೋ ಮಂಗಳವಾರ ಒಂದು ಮೊರ ಜ್ವಾಳ ಸಾಲಂಗಿಲ್ಲ, ಎರಡು ಒಯ್ಯೂಣು."

ಕಕ್ಕಾಬಿಕ್ಕಿಯಾಗಿ ಹೊಳೆಗೆ ಬಂದೆ. ಅಂಬಿಗ ಹರಿಗೋಲು ಮಗುಚಿ ಹಾಕಿ ಅದರ ತೊಗಲಿಗೆ ಎಣ್ಣೆ ಸವರುತ್ತಿದ್ದ. ನನ್ನ ಗೋಳೆಲ್ಲ ಕೇಳಿ ತಲೆ ಎತ್ತದೆಯೇ ಹೇಳಿದ, "ನೀವು ಬ್ಯಾಡ ಅಂದ್ರ ಯಾರ್ ಕೇಳ್ತಾರ್ರಿ? ಆಕಿ ಬ್ಯಾಡ ಅಂದಾಳ ಅನ್ರಿ."

ನನಗೆ ಮೈಯೆಲ್ಲ ಉರಿಯಿತು. ವಿಜ್ಞಾನದ ಮಾಸ್ತರ ಕನಸು ಬಿತ್ತೆಂದು ದೇವರ ಮಾತು ಹೇಳುವುದೇ? ಆದರೆ ಒಂಬತ್ತು ಗೂಡು ಉಳಿದಿದ್ದವು, ಮಂಗಳವಾರಕ್ಕೆ ಎರಡೇ ದಿನ ಇತ್ತು.

ಆ ಮಂಗಳವಾರ ಹೆಂಗಸರು ಮೊರಗಳಲ್ಲಿ ಜೋಳ ಹೊತ್ತು ದಂಡೆಗೆ ಬಂದಾಗ, ಅಡ್ಡ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟೆ. "ಜ್ವಾಳಮುಖಿ ನನ್ನ ಕನಸಿಗೆ ಬಂದಿದ್ದಳು. ಆಕೆಗೆ ಈಗ ಬಾಣಂತನ. ಆ ಹಕ್ಕಿಗಳೇ ಆಕೆಯ ಮಕ್ಕಳು. ಮೊಟ್ಟೆ ಒಡೆದು ಮರಿ ಹಾರೋವರೆಗೆ ಯಾರೂ ಹೊಸ್ತಿಲು ತುಳೀಬಾರದಂತೆ. ಕಾಗೆ ಕಾಯೋಕೆ ನಾನೊಬ್ಬ ಸಾಕಂತೆ."

ಸೂಲಗಿತ್ತಿ ನನ್ನ ಮುಖವನ್ನೇ ದಿಟ್ಟಿಸಿದಳು. ಬೇಸಿಗೆಯ ಬಿಸಿಲಿಗಿಂತ ಆ ನೋಟವೇ ಹೆಚ್ಚು ಸುಟ್ಟಿತು. ಕೊನೆಗೆ ಅವಳು ತಿರುಗಿ ಎಲ್ಲರಿಗೂ ಗದರಿದಳು, "ಹಸಿ ಬಾಣಂತಿಗೆ ಜ್ವಾಳ ಯಾರ್ ಕೊಡ್ತಾರಲೇ? ಹೊಟ್ಟಿ ಬ್ಯಾನಿ ಬರಂಗಿಲ್ಲೇನು? ನಡೀರಿ, ಮನೀಗೆ ನಡೀರಿ!"

ಅಲ್ಲಿಗೆ ಮುಗಿಯಲಿಲ್ಲ. ಬಾಣಂತಿಯ ಕೋಣೆಯ ಬಾಗಿಲಲ್ಲಿ ಕುಳಿತಂತೆ ಮುದುಕಿ ದಿನವೂ ದಂಡೆಯ ಹೊಂಗೆಯ ನೆರಳಲ್ಲಿ ಬಂದು ಕೂತಳು. ಬಟ್ಟೆ ಒಗೆಯಲು ಬಂದವರಿಗೆ "ಸಣ್ಣಗೆ ಒಗೀರಿ, ಕೂಸು ಬೆಚ್ಚತಾವ" ಎನ್ನುತ್ತಿದ್ದಳು. ಹೊಳೆ ದಾಟುವ ಕಾಗೆ ಕಂಡರೆ ಅವಳು ಬೈಯುತ್ತಿದ್ದ ಬೈಗುಳಗಳನ್ನು ನಾನು ಇಲ್ಲಿ ಬರೆಯಲಾರೆ. ನಗೆ ತಡೆಯಲಾಗದೆ ಬಂಡೆಯ ಹಿಂದೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅಷ್ಟು ಸುಖದ ರಜೆ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಹನ್ನೆರಡನೆಯ ದಿನ ಮೊದಲ ಮೊಟ್ಟೆ ಬಿರಿಯಿತು. ನಾಲ್ಕು ದಿನದಲ್ಲಿ ಒಂಬತ್ತೂ ಗೂಡಿನಲ್ಲಿ ಮರಿ. ಮರಳಿನದೇ ಬಣ್ಣದ ಉಣ್ಣೆಯ ಉಂಡೆಗಳು, ಬಿದ್ದು ಎದ್ದು ಓಡುತ್ತಿದ್ದವು. ಕುಣಿಯುವುದೊಂದು ಬಾಕಿ ನನಗೆ. ದಂಡೆಗೆ ಹೋಗಿ, "ಅಮ್ಮಾ, ನೀವೊಬ್ಬರು ಬರ್ರಿ. ಸೂಲಗಿತ್ತಿಗೆ ಯಾವ ಸೂತಕ?" ಎಂದು ಕರೆದೆ. ಮುದುಕಿ ಮೊದಲು ಹೊಳೆಯಲ್ಲಿ ಕೈ ತೊಳೆದುಕೊಂಡಳು, ಆಮೇಲೆ ಹರಿಗೋಲು ಹತ್ತಿದಳು.

ದಾರಿಯಲ್ಲಿ ಮೆಲ್ಲಗೆ ಹೇಳಿದಳು, "ಮಾಸ್ತರಾ, ಕಲ್ಲಿಗೆಲ್ಲಿ ಬಾಣಂತನ? ಅವತ್ತು ನಿನ್ನ ಕಿವಿ ಕೆಂಪಗಾಗಿದ್ವು."

"ಮತ್ತೆ ಯಾಕೆ ಒಪ್ಪಿದಿರಿ?"

"ಹೆಂಡ್ತಿ ನೋವು ತಿನ್ನೂಮುಂದ ಬಾಗಿಲಾಗ ನಿಂದರೋ ಗಂಡಸ್ರನ್ನ ಭಾಳ ಮಂದಿನ ನೋಡೀನಿ. ನಿನ್ನ ಮಾರಿ ಹಂಗ ಇತ್ತು."

ನಾನು ಕಿವಿ ಮುಟ್ಟಿ ನೋಡಿಕೊಂಡೆ. ಅಂಬಿಗ ಬೇಕೆಂದೇ ಬೇರೆ ಕಡೆ ನೋಡಿದ.

ಮರಳಿಗಿಳಿದು ಅವಳು ನಾಲ್ಕು ಹೆಜ್ಜೆ ಇಟ್ಟಿರಬೇಕು. ಎಲ್ಲಿಂದಲೋ ಒಂದು ಮರಿ ತಟತಟ ಓಡಿಬಂದು, ಅವಳ ಸೀರೆಯ ನೆರಳಿಗೆ ಸೇರಿ, ಅವಳ ಹಿಮ್ಮಡಿಗೆ ಒತ್ತಿಕೊಂಡು ಕೂತಿತು. ಮುದುಕಿ ನಿಂತಲ್ಲೇ ನಿಂತಳು. ನೆತ್ತಿಯ ಮೇಲೆ ತಾಯಿ ಹಕ್ಕಿ ಅರಚುತ್ತಾ ಎರಗಿ ಅವಳ ಸೆರಗು ಕುಕ್ಕಿದರೂ ಅಲುಗಲಿಲ್ಲ.

"ಬರ್ರಿ ಅಮ್ಮಾ, ಬಿಸಿಲು ಭಾಳ ಐತಿ" ಎಂದು ಅಂಬಿಗ ಕೂಗಿದ.

ಮುದುಕಿ ತುಟಿ ಅಲ್ಲಾಡಿಸದೆ, ಉಸಿರಿನಲ್ಲೇ ಅಂದಳು, "ಹ್ಯಾಂಗ ಬರ್ಲಲೇ? ನನ್ನ ನೆರಳಾಗ ಮಕ್ಕೊಂಡೈತಿ."