ಮದುವಿ ಆಗಿಲ್ಲ ಅನ್ನೋ ಕಾಗದ

ನನ್ನ ತಂಗಿ ಮದುವಿಗೆ ಅಡ್ಡಿ ಏನೂ ಇಲ್ಲ ಅಂತ ಸರಕಾರದಿಂದ ಬರೆಸಿಕೊಂಡು ಬರೋ ಕೆಲಸ ನನ್ನ ತಲಿಗೇ ಬಂತು. ಬ್ಯಾರೆ ಯಾರು ಮಾಡಬೇಕು? ಅಪ್ಪ ಇಲ್ಲ, ಅವ್ವಗ ಓದಾಕ ಬರಂಗಿಲ್ಲ. ನನಗ ನಲವತ್ತಕ್ಕ ಒಂದು ಕಮ್ಮಿ, ಮದುವಿ ಆಗಿಲ್ಲ. ನನಗಿಂತ ಒಂಬತ್ತು ವರ್ಷ ಸಣ್ಣಾಕಿ ಸ್ಕಾಟ್ಲೆಂಡಿನಾಗ ನರ್ಸ್ ಆಗ್ಯಾಳ, ಅಲ್ಲೇ ಒಬ್ಬ ಬಸ್ ಡ್ರೈವರನ್ನ ಮೆಚ್ಚ್ಯಾಳ. ಸುದ್ದಿ ಕೇಳಿದ ದಿನ ನಾ ಅವ್ವಗ, "ಡ್ರೈವರೇ ಬೇಕಿತ್ತಂದ್ರ ನಮ್ಮ ಕಡೆ ಏನು ಡ್ರೈವರಗೋಳ ಬರ ಬಿದ್ದಿತ್ತಾ?" ಅಂದೆ. ಅವ್ವ ನಕ್ಕಳು. ನಾ ನಗಸಾಕ ಅಂದಿದ್ದಲ್ಲ.

ನಮ್ಮಲ್ಲಿ ಮದುವಿಗೆ ಏನು ಬೇಕ್ರೀ? ಹುಡುಗ, ಹುಡುಗಿ, ಒಬ್ಬ ಐನೋರು, ನಾಕು ಚೀಲ ಅಕ್ಕಿ. ಅಲ್ಲಿ ಹಂಗಲ್ಲ. ತಂಗಿ ಫೋನಿನ್ಯಾಗ ಒಂದೊಂದ ಹೇಳ್ತಾ ಹೋದ್ಲು, ನಾ ಸಾಲಿ ವಹಿ ಹಿಂದ ಬರಕೊಂಡೆ. ಆಕಿ ಹುಟ್ಟಿದ್ದು ಲಿಂಗಸುಗೂರಿನಾಗ, ಹುಟ್ಟಿದ ದಾಖಲೆ ಅಲ್ಲಿಂದ ತೆಗೆಸಬೇಕು. ಇಲ್ಲಿತನಕ ಮದುವಿ ಆಗಿಲ್ಲ ಅಂತ ತಹಸೀಲ್ದಾರರ ಪತ್ರ ಬೇಕು. ಅದರ ಕೂಡ ಮನಿಯವರೊಬ್ಬರು ಸಿಂಧನೂರಿನ ನೋಟರಿ ಮುಂದ ಪ್ರಮಾಣ ಮಾಡಿ ಸಹಿ ಹಾಕಬೇಕು. ಎಲ್ಲಾ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ಏಜೆಂಟನ ಕೈಲೆ ಬೆಂಗಳೂರು, ದಿಲ್ಲಿ ಎರಡೂ ಕಡೆ ಸರಕಾರಿ ಮುದ್ರೆ ಹೊಡಸಿ ಅಲ್ಲಿಗೆ ಕಳಸಬೇಕು. ಮದುವಿಗೆ ಇಪ್ಪತ್ತೊಂಬತ್ತು ದಿನ ಮೊದಲೇ ಅದು ಅಲ್ಲಿನ ರಿಜಿಸ್ಟ್ರಾರ್ ಕೈಗೆ ಮುಟ್ಟಬೇಕು. ತಪ್ಪಿದ್ರ ಮತ್ತ ದಿನ ಸಿಗೋದು ಐದು ತಿಂಗಳಿಗೆ, ಅಷ್ಟರಾಗ ಆಕಿ ವೀಸಾನೇ ಮುಗೀತಿತ್ತು.

"ಅಕ್ಕಾ, ನೀ ಇದ್ದೀ ಅಂತ ಧೈರ್ಯ ನೋಡು," ಅಂದ್ಲು. ಆ ಮಾತು ಕೇಳಿ ನನಗ ಖುಷಿ ಆಗಬೇಕಿತ್ತು. ಹೊಟ್ಟಿಯಾಗ ಖಾರ ಕಲಸಿದಂಗಾತು.

ಈ ಉರಿ ಇವತ್ತಿಂದಲ್ಲ. ಅಪ್ಪ ತೀರಿಕೊಂಡ ಮ್ಯಾಲ ಆತನ ನೌಕರಿ ನನಗ ಬಂತು, ಲಿಂಗಸುಗೂರಿನ ಒಂದು ಸಾಲ್ಯಾಗ ಕ್ಲರ್ಕ್. ನಮ್ಮೂರು ಮಸ್ಕಿಯಿಂದ ಮುಂಜಾನೆ ಬಸ್ಸಿಗೆ ಹೋಗೋದು, ಸಂಜಿ ಬಸ್ಸಿಗೆ ಬರೋದು. ನನ್ನ ನೋಡಾಕ ಗಂಡಿನ ಕಡೆಯವರು ಬಂದಾಗೆಲ್ಲ ತಂಗೀನ ಅವ್ವ ಹಿತ್ತಲ ಬಾಗಲದಿಂದ ಬಾಜೂ ಮನಿಗೆ ಕಳಸತಿದ್ಲು. ನಮ್ಮ ಓಣ್ಯಾಗ ಎಲ್ಲರೂ ಹಂಗೇ ಮಾಡತಿದ್ರು: ದೊಡ್ಡಾಕೀನ ತೋರಸಬೇಕಾದ್ರ ಸಣ್ಣಾಕಿ ಕಣ್ಣಿಗೆ ಬೀಳಬಾರದು, ಅದರಾಗೂ ಸಣ್ಣಾಕಿ ಬೆಳ್ಳಗಿದ್ರ. ಒಮ್ಮೆ ಅಲ್ಲಿ ಬ್ಯಾಸರಾಗಿ ಆಕಿ ನಡುವೇ ಬಂದುಬಿಟ್ಲು, ಹತ್ತನೇತ್ತಾ ಓದೋ ಹುಡುಗಿ. ಬಂದವರು ಅವಲಕ್ಕಿ ತಿನ್ನೋದು ಬಿಟ್ಟು, "ಈಕಿ ಯಾರು? ಈಕೀನ ಯಾವಾಗ ಕೊಡ್ತೀರಿ?" ಅಂತ ಕೇಳಿದ್ರು. ನಾ ತಟ್ಟಿ ಹಿಡಕೊಂಡು ಅಲ್ಲೇ ನಿಂತಿದ್ದೆ. ಆಕಿ ರಾತ್ರಿ ನನ್ನ ಕಾಲು ಹಿಡಕೊಂಡು ಅತ್ಲು. ಆಕಿ ತಪ್ಪೇನೂ ಇದ್ದಿಲ್ಲ. ಅದಕ್ಕೇ ನನಗ ಇನ್ನೂ ಸಿಟ್ಟು ಬಂತು.

ಇರಲಿ. ತಹಸೀಲ್ದಾರರಿಗೆ ಅರ್ಜಿ ಕೊಟ್ಟೆ. ಅರ್ಜಿ ಕೊಟ್ಟ ಮ್ಯಾಲ ಊರ ಲೆಕ್ಕ ಬರಿಯೋ ತಲಾಠಿ ಓಣಿಗೆ ಬಂದು ಪಂಚನಾಮೆ ಮಾಡಬೇಕು, ಅಂದ್ರ ಐದು ಮಂದೀನ ಕೂಡಿಸಿ, ಈ ಹುಡುಗಿ ಮದುವಿ ಆಗಿಲ್ಲ ಹೌದಿಲ್ಲೋ ಅಂತ ಕೇಳಿ, ಅವರ ಸಹಿ ತಗೋಬೇಕು. ಆತ ಬಂದ ದಿನ ನಾ ಸಾಲಿಗೆ ಹೋಗಿದ್ದೆ. ನಮ್ಮ ಕಟ್ಟಿ ಮ್ಯಾಲೇ ಐದೂ ಮಂದಿ ಕೂತಿದ್ರಂತ. "ಈ ಮನಿ ಮಗಳು ಮದುವಿ ಆಗಿಲ್ಲ, ಖರೆ ಏನು?" ಅಂತ ಕೇಳ್ಯಾನ. "ಅಯ್ಯ, ಅದನ್ನೇನು ಕೇಳ್ತೀರಿ ಸಾಹೇಬ್ರ! ದಿನಾ ಕಣ್ಣಮುಂದ ಬಸ್ಸಿಗೆ ಹೊಕ್ಕಾಳ, ನಾವು ನೋಡಾಕತ್ತಿಲ್ಲೇನು?" ಅಂದು ನನ್ನ ಹೆಸರು ಹೇಳ್ಯಾರ. ಐದೂ ಮಂದಿ. ಒಬ್ಬರಿಗರ ಈ ಮನ್ಯಾಗ ಇನ್ನೊಂದು ಮದುವಿ ಆಗದ ಹುಡುಗಿ ಐತಿ ಅಂತ ನೆನಪಾಗಿಲ್ಲ! ಅರ್ಜಿ ಕೊಟ್ಟಾಕೀನೂ ನಾನೇ ಅಂತ ತಲಾಠಿ ಹಂಗೇ ಬರಕೊಂಡಾನ. ನಾ ಸಂಜಿಗೆ ಬಂದು ನೋಡ್ತೀನಿ, ಅವ್ವನ ಕೈಯಾಗಿನ ನಕಲಿನ್ಯಾಗ ನನ್ನ ಹೆಸರು, ನನ್ನ ವಯಸ್ಸು, "ಇಲ್ಲಿಯವರೆಗೆ ಅವಿವಾಹಿತೆ". ಕೆಳಗ ನಾಕು ಸಹಿ, ಒಂದು ಹೆಬ್ಬಟ್ಟು.

ಮೈಯೆಲ್ಲಾ ಉರೀತು. ಆ ಐದು ಮಂದ್ಯಾಗ ಒಬ್ಬಾಕಿ, ಬಾಜೂ ಮನಿ ದೊಡ್ಡವ್ವನ ಹತ್ರ ಹೋಗಿ ಜಗಳಾ ತೆಗೆದೆ. ಆಕಿ ಕಡ್ಲಿ ಹಸನ ಮಾಡಾಕತ್ತಿದ್ಲು, ತಲಿ ಎತ್ತಲಿಲ್ಲ. "ತಪ್ಪಾತವ್ವ, ನಾಳೆ ಆ ತಂಗಿ ಹೆಸರಿಗೆ ಮತ್ತೊಮ್ಮೆ ಸಹಿ ಹಾಕ್ತೀವಿ. ನೀ ಮನಸಿಗೆ ಹಚಗೋಬ್ಯಾಡ. ಅಕ್ಕ ಸತ್ರ ಅಮಾಸಿ ನಿಲ್ತೈತೇನು?" ಅಂದ್ಲು. ನಾ ಇನ್ನೂ ಬದುಕಿದ್ದೆ.

ಎರಡನೇ ಸಲ ಎಲ್ಲಾ ಸರಿ ಆತು. ಪತ್ರ ಕೈಗೆ ಬಂತು, ಆಕಿ ಹುಟ್ಟಿದ ದಾಖಲೆನೂ ತೆಗೆಸಿದೆ. ಸಿಂಧನೂರಿಗೆ ಹೋಗಿ ನೋಟರಿ ಮುಂದ ಸಹಿ ಹಾಕಿದೆ, ತರ್ಜುಮೆ ಮಾಡಸಿದೆ. ಇನ್ನ ಉಳಿದದ್ದು ಒಂದೇ ಕೆಲಸ, ಏಜೆಂಟಗ ಕೊರಿಯರ್ ಮಾಡೋದು. ಮಾಡಲಿಲ್ಲ. ಲಕೋಟಿ ತಗೊಂಡು ಹೋಗಿ ಸಾಲಿ ಕಪಾಟಿನ್ಯಾಗ, ಹಳೇ ಹಾಜರಿ ಪುಸ್ತಕದ ಕೆಳಗ ಇಟ್ಟು ಕೀಲಿ ಹಾಕಿದೆ. ನಾಳೆ ಮಾಡಿದ್ರಾತು ಅಂದೆ. ನಾಳೆ ಬಂತು, ನಾಡ್ದ ಬಂತು.

ತಂಗಿ ಫೋನ್ ಮಾಡತಿದ್ಲು. "ತಹಸೀಲ್ದಾರ ಸಾಹೇಬ್ರು ಟ್ರೇನಿಂಗಿಗೆ ಹೋಗ್ಯಾರ, ಸಹಿ ಆಗಿಲ್ಲ," ಅಂತಿದ್ದೆ. ಅವ್ವಗೂ ಅದನ್ನೇ ಹೇಳಿದ್ದೆ. ಒಂದಿನ ನಾ ಸಾಲ್ಯಾಗ ಇದ್ದಾಗ ಫೋನ್ ಬಂತು, ಹಿಂದಿಂದ ಆ ಡ್ರೈವರ್ "ನಮಸ್ಕಾರ ಅಕ್ಕಾ" ಅಂದ, ಆಕಿ ಕಲಿಸಿದ್ಲಂತ. ಎಷ್ಟು ಚಂದ ನಗತಿದ್ರು ಇಬ್ರೂ. ನಾ ಫೋನಿಟ್ಟು ಕಪಾಟು ತೆರೆದು ಲಕೋಟಿ ಐತಿಲ್ಲೋ ಅಂತ ನೋಡಿ ಮತ್ತ ಕೀಲಿ ಹಾಕಿದೆ. ಸುಳ್ಳು ಯಾಕ ಹೇಳಲಿ, ಆವಾಗ ನನಗ ಒಂಥರಾ ಸಮಾಧಾನ ಆಗತಿತ್ತು. ಹುಟ್ಟಿದಾಗಿಂದ ಮೊದಲ ಸಲ ಆಕಿಗೆ ಬೇಕಾದದ್ದು ನನ್ನ ಕೈಯಾಗ ಇತ್ತು.

ಲಕೋಟಿ ಬಚ್ಚಿಟ್ಟ ಹತ್ತೊಂಬತ್ತನೇ ದಿನಕ್ಕ ಅವ್ವಗ ಸಂತ್ಯಾಗ ತಲಾಠಿ ಸಿಕ್ಕಾನ. "ಮದುವಿ ಯಾವಾಗ್ರೀ? ಕಾಗದ ಕೊಟ್ಟು ಭಾಳ ದಿನ ಆತಲ್ಲ," ಅಂದಾನ. ಅವ್ವ ಕಾಯಿಪಲ್ಲೆ ಚೀಲ ಹಿಡಕೊಂಡು ಮನಿಗೆ ಹೋಗಲಿಲ್ಲ, ನೆಟ್ಟಗ ಲಿಂಗಸುಗೂರು ಬಸ್ ಹತ್ತಿ ನನ್ನ ಸಾಲಿಗೆ ಬಂದ್ಲು. ಆಫೀಸಿನಾಗ ಮಂದಿ ಇದ್ರು. ಆಕಿ ನನ್ನ ಟೇಬಲ್ ಮುಂದ ನಿಂತು ಸಣ್ಣ ದನಿಯಿಂದ ಹೇಳಿದ್ಲು, "ನಿನ್ನ ಮದುವಿ ಆಗಲಿಲ್ಲ, ಅದು ನನ್ನ ತಪ್ಪು. ಮಗಳ ಪಗಾರ ಬರ್ತೈತಿ ಅಂತ ನಾನೇ ಸುಮ್ಮನಾದೆ. ಆಕಿ ಮದುವಿ ಆಗಲಿಲ್ಲಂದ್ರ ಅದು ನಿನ್ನ ತಪ್ಪು. ತೆಗಿ ಎಲ್ಲಿ ಇಟ್ಟೀ."

ನಾ ತೆಗೆದೆ. ಇಬ್ರೂ ಕೂಡೇ ಹೋಗಿ ಕೊರಿಯರ್ ಮಾಡಿ ಬಂದ್ವಿ. ಬಸ್ಸಿನಾಗ ಅವ್ವ ಮಸ್ಕಿ ಬರೋತನಕ ಕಿಡಕಿ ಕಡೆ ಮುಖ ಮಾಡಿ ಕೂತ್ಲು.

ಕಾಗದ ಅಲ್ಲಿ ಮುಟ್ಟಿದಾಗ ಗಡುವಿಗೆ ಒಂದೇ ದಿನ ಉಳಿದಿತ್ತಂತ. ಯಾಕ ತಡ ಆತು ಅಂತ ತಂಗಿ ಕೇಳಲಿಲ್ಲ. ಆಕಿಗೆ ಗೊತ್ತಾಗಿಲ್ಲ ಅಂತ ತಿಳಕೊಂಡೆ.

ಮದುವಿ ದಿನ ನಮ್ಮಲ್ಲಿ ಸಂಜಿ ನಾಕೂವರಿ, ಅಲ್ಲಿ ಇನ್ನೂ ಮಧ್ಯಾಹ್ನ ಆಗಿದ್ದಿಲ್ಲ. ಆಕಿ ಗೆಳತಿ ಒಬ್ಬಾಕಿ ವಿಡಿಯೋ ಹಚ್ಚಿ ಫೋನ್ ಮುಂದಿನ ಕುರ್ಚಿ ಮ್ಯಾಲೆ ನಿಲ್ಲಿಸಿದ್ಲು. ನಾನು, ಅವ್ವ, ದೊಡ್ಡವ್ವ ಮೂವರೂ ಗೋಡಿಗೆ ಒರಗಿ ಕೂತಿದ್ವಿ. ತಂಗಿ ಇಳಕಲ್ ಸೀರಿ ಉಟ್ಟಿದ್ಲು, ದೇವರಾಣೆ ಭಾಳ ಚಂದ ಕಾಣತಿದ್ಲು. ನನ್ನ ಹೊಟ್ಟಿಯಾಗಿನ ಉರಿ ಆವಾಗಲೂ ಆರಿದ್ದಿಲ್ಲ. ರಿಜಿಸ್ಟ್ರಾರ್ ಹೆಣ್ಮಗಳು ಏನೇನೋ ಓದಿ, ಕಾಗದದಿಂದ ತಲಿ ಎತ್ತಿ ಎಲ್ಲರನ್ನೂ ಕೇಳಿದ್ಲು: ಈ ಮದುವಿಗೆ ಕಾಯ್ದೆ ಪ್ರಕಾರ ಅಡ್ಡಿ ಐತಿ ಅಂತ ಯಾರಿಗರ ಗೊತ್ತಿದ್ರ ಈಗಲೇ ಹೇಳ್ರಿ. ಅದನ್ನ ಕೇಳಲೇಬೇಕಂತ, ಅಲ್ಲಿನ ಪದ್ಧತಿ. ಯಾರೂ ಮಾತಾಡಲಿಲ್ಲ. ಡ್ರೈವರ್ ನಗಕೋಂತ ಆಕಿ ಮುಖಾನೇ ನೋಡಾಕತ್ತಿದ್ದ.

ಆಕಿ ಆತನ್ನ ನೋಡಲಿಲ್ಲ. ಫೋನಿನ ಕಡೆ ತಿರುಗಿ ನನ್ನ ನೋಡಿದ್ಲು, ನಾ ಬಾಯಿ ತೆಗೀತೀನೇನೋ ಅಂತ ಅಂಜಿ.