ಪರಿಚಯಿಸಿದವರ ಸಹಿ

ಅಂದು ನಾನು ಸಹಿ ಹಾಕಿದ ಅರ್ಜಿಗಳು ಹತ್ತೋ ಇಪ್ಪತ್ತೋ, ಸರಿಯಾಗಿ ನೆನಪಿಲ್ಲ. ಆದರೆ ಮೊಳಕಾಲ್ಮುರಿನ ಸೋದರಮಾವನ ಮನೆಯ ಪಡಸಾಲೆ, ಮುಂದಿದ್ದ ಮಂಡಕ್ಕಿ ತಟ್ಟೆ ನೆನಪಿವೆ. ಮಾವ ಆಗ ಚಳ್ಳಕೆರೆಯ ಒಂದು ಸಣ್ಣ ಸಹಕಾರಿ ಬ್ಯಾಂಕಿನ ಮ್ಯಾನೇಜರು. "ಕಾಲೇಜ್ ಮೇಡಮ್ಮನ ಸೈನ್ ಇದ್ರೆ ಯಾರೂ ಕೇಳಂಗಿಲ್ಲ, ಹಾಕವ್ವ," ಎಂದು ನಗುತ್ತಾ ಖಾತೆ ತೆರೆಯುವ ಅರ್ಜಿಗಳನ್ನು ಮುಂದಿಟ್ಟರು. ‘ಪರಿಚಯಿಸಿದವರು’ ಎಂಬ ಜಾಗದಲ್ಲಿ, ನಾನು ಕಂಡೇ ಇರದ ಜನರಿಗಾಗಿ ಸಹಿ ಹಾಕಿದೆ.

ಆ ಖಾತೆಗಳಿಗೆ ಕೊಟ್ಟ ಸಾಲ ಹಿಂದಿರುಗಲಿಲ್ಲ, ಬ್ಯಾಂಕು ಮುಚ್ಚಿತು. ತನಿಖೆಗೆ ಬಂದ ಇಬ್ಬರು ಅಧಿಕಾರಿಗಳು ವರ್ಗವಾದರು. ಮೂರನೆಯವರು ಮೊನ್ನೆ ಅವೇ ಅರ್ಜಿಗಳನ್ನು ತೋರಿಸಿ, ಇವರೆಲ್ಲ ಯಾರು ಎಂದರು. ಹಿಂದಿನಂತೆಯೇ "ನೆನಪಿಲ್ಲ ಸಾರ್" ಎಂದೆ.

"ಓದಿದೋರೇ ಹಿಂಗಂದ್ರೆ ಹೆಂಗೆ ಮೇಡಂ? ಒಂದೊಂದು ಹೆಸ್ರು ಹಿಡ್ಕಂಡು ನಾವು ಊರೂರು ಸುತ್ಬೇಕು," ಎಂದು ಅವರು ಕಡತ ಕಟ್ಟಿದರು.

ಮಾವ ಹೇಳಿದ್ದಕ್ಕೆ ಸಹಿ ಹಾಕಿದೆ ಎಂದಿದ್ದರೆ ಆ ಸುತ್ತಾಟ ತಪ್ಪುತ್ತಿತ್ತು. ನೆನಪನ್ನು ನಂಬಬಾರದು ಎಂದು ಡೈರಿಯಲ್ಲಿ ಬರೆಯುವ ನಾನು ಅದನ್ನೇ ನೆಪ ಮಾಡಿಕೊಂಡಿದ್ದೆ.

ಪಕ್ಕದ ಮನೆಯ ಕಂಬಳಿ ನೇಯುವ ಅಜ್ಜಿಯ ಠೇವಣಿಯೂ ಅದೇ ಬ್ಯಾಂಕಿನಲ್ಲಿತ್ತು. "ಇಷ್ಟು ವರ್ಸ ಏನ್ ಹುಡುಕ್ತಾರವ್ವ ಅವ್ರು?" ಎಂದು ಆಕೆ ಕೇಳಿದಳು. "ದೊಡ್ಡ ಕೆಲ್ಸ ಅಜ್ಜಿ, ತಡ ಆಗ್ತೈತೆ" ಎಂದು ಒಳಗೆ ಬಂದುಬಿಟ್ಟೆ.

ಭಾನುವಾರ ಮೊಳಕಾಲ್ಮುರಿಗೆ ಹೋದೆ. ಮಾವ ಮತ್ತೆ ಮಂಡಕ್ಕಿ ತಟ್ಟೆ ಮುಂದಿಟ್ಟರು. ನಾನು ಮುಟ್ಟಲಿಲ್ಲ. ಒಂದೇ ಮಾತು ಕೇಳಿ ಎದ್ದು ಬಂದೆ:

"ಮಾವ, ಆ ಸಾಹೇಬ್ರು ಮತ್ತೆ ಬಂದ್ರೆ ನಿಜ ಹೇಳ್ಲಾ?"